ಗೋಡೆಯಾಚೆ ಹುಳು ಮೇಯುತ್ತಿದ್ದಾಗ

ಮುಳಬಾಗಿಲಿನ ಹೆಣ್ಣುಮಕ್ಕಳ ಶಾಲೆಗೆ ನಾನು ವಿಜ್ಞಾನ ಹೇಳಿಕೊಡಲು ಸೇರಿದ ಹೊಸದರಲ್ಲಿ ಜೀವಕೋಶದ ಪಾಠ ಬಂತು. ನಲವತ್ತರ ದಶಕದ ಕೊನೆಯ ಮಾತು. ಮೈಯ ಒಂದೊಂದು ಜೀವಕೋಶವೂ ಒಂದು ಪುಟ್ಟ ಒಲೆ ಎಂದು ಹುಡುಗಿಯರಿಗೆ ಹೇಳಿದೆ. ಉಂಡದ್ದು ಸಕ್ಕರೆಯಾಗಿ ರಕ್ತದ ಜೊತೆ ಅಲ್ಲಿಗೆ ಹೋಗುತ್ತದೆ, ಉಸಿರಿನ ಗಾಳಿ ಬಂದು ಸೇರುತ್ತದೆ, ಹೊಗೆಯಿಲ್ಲದೆ ಉರಿಯುತ್ತದೆ. ಮೈ ಬೆಚ್ಚಗಿರುವುದು, ಕೈ ಏಳುವುದು ಎಲ್ಲ ಆ ಉರಿಯಿಂದಲೇ.

ಹಿಂದಿನ ಸಾಲಿನ ಹುಡುಗಿಯೊಬ್ಬಳು ಎದ್ದಳು. “ಉಣ್ಣದೆ ಇದ್ರೆ ಒಲೆ ಆರಿಹೋಗುತ್ತಾ, ಟೀಚರ್?”

“ಅಷ್ಟು ಸುಲಭಕ್ಕೆ ಆರಲ್ಲ. ಸೌದೆ ಮುಗಿದ್ರೆ ಮನೆ ತೊಲೆ ಕಿತ್ತು ಉರಿಸುತ್ತೆ” ಎಂದೆ. ತರಗತಿ ಗೊಳ್ಳೆಂದು ನಕ್ಕಿತು. ನನಗೆ ನಗು ಬರಲಿಲ್ಲ. ಅಂದು ಸಂಜೆ ಬಾಡಿಗೆ ಕೋಣೆಗೆ ಬಂದು ಒಬ್ಬಳೇ ಕೂತೆ, ಅಡಿಗೆ ಮಾಡಲು ಮನಸ್ಸಾಗಲಿಲ್ಲ.

ನನ್ನ ತೊಲೆಗಳು ಉರಿದಾಗ ನನಗೆ ಹದಿಮೂರೋ ಹದಿನಾಲ್ಕೋ. ಶ್ರೀನಿವಾಸಪುರದಿಂದ ನಡೆದು ಹೋಗುವಷ್ಟು ದೂರದ ಹಳ್ಳಿ ನಮ್ಮದು. ಅಪ್ಪ ನಾನು ಕೂಸಾಗಿದ್ದಾಗಲೇ ತೀರಿಕೊಂಡಿದ್ದರು. ಅಮ್ಮ, ನಾನು, ಅಮ್ಮ ಸಾಕುವ ರೇಷ್ಮೆಹುಳು, ಇಷ್ಟೇ ಸಂಸಾರ. ಅದರಲ್ಲಿ ನನ್ನ ಜಾಗ ಹುಳುವಿನ ನಂತರದ್ದು ಎಂಬ ಅನುಮಾನ ನನಗೆ ಮೊದಲಿನಿಂದಲೂ ಇತ್ತು. ಹುಳು ಇದ್ದಷ್ಟು ದಿನ ಒಗ್ಗರಣೆ ಹಾಕುವಂತಿಲ್ಲ, ಹೊರಗಿನವರು ಒಳಗೆ ಬರುವಂತಿಲ್ಲ, ನಾನು ಜೋರಾಗಿ ಸೀನುವಂತಿಲ್ಲ. ದೇವರ ಮನೆಗೂ ನಮ್ಮಲ್ಲಿ ಅಷ್ಟು ಮಡಿ ಇರಲಿಲ್ಲ.

ಅಂಥ ಹೊತ್ತಿನಲ್ಲಿ ನಾನು ಜ್ವರ ತಂದುಕೊಂಡೆ. ಪಂಡಿತರು ನಾಡಿ ಹಿಡಿದು, ಇದು ವಾರಗಟ್ಟಲೆ ಕಾಡುವ ವಿಷಮಶೀತ ಜ್ವರ, ಕರುಳು ಹುಣ್ಣಾಗಿರುತ್ತದೆ, ಒಂದು ತುತ್ತು ಅನ್ನ ಹೋದರೂ ಹುಡುಗಿ ಉಳಿಯುವುದಿಲ್ಲ ಎಂದರು. ಲಂಘನಂ ಪರಮೌಷಧಂ. ಬಾರ್ಲಿಯ ತಿಳಿ ಬಿಟ್ಟು ಬೇರೇನೂ ಕೂಡದು. ಹುಳು ಮುಟ್ಟುವ ಕೈ ರೋಗಿಯನ್ನು ಮುಟ್ಟಬಾರದು, ಮುಟ್ಟಿದರೆ ಹುಳು ಕೊಳೆತುಹೋಗುತ್ತದೆ ಎಂಬುದು ನಮ್ಮೂರಿನ ಕಟ್ಟಳೆ. ಹಾಗಾಗಿ ನನ್ನ ಚಾಪೆ ಹಿಂದಿನ ಕೋಣೆಗೆ ಹೋಯಿತು. ಪಕ್ಕದ ಮನೆಯ ದೊಡ್ಡಮ್ಮ ತಿಳಿ ತಂದು ಕುಡಿಸಿ ಹೋಗುತ್ತಿದ್ದಳು. ಅಮ್ಮ ಬರಲಿಲ್ಲ.

ಆ ಕೋಣೆಗೂ ಹುಳುವಿನ ಕೋಣೆಗೂ ನಡುವೆ ಇದ್ದದ್ದು ಮಣ್ಣಿನ ಗೋಡೆ, ಅದೂ ಮಾಡಿನ ತನಕ ಮುಟ್ಟದ್ದು. ಹುಳುಗಳು ಕೊನೆಯ ಪೊರೆ ಕಳಚಿ ಬಕಾಸುರನ ವಂಶದವರಂತೆ ಮೇಯುತ್ತಿದ್ದವು. ಅಮ್ಮ ಹೊತ್ತುಹೊತ್ತಿಗೆ ಬಂದು ತಟ್ಟೆಗಳ ಮೇಲೆ ಹಿಪ್ಪುನೇರಳೆ ಸೊಪ್ಪು ಹರಡುವುದು ಕೇಳಿಸುತ್ತಿತ್ತು. “ತಿನ್ನಿ ಕಂದಾ, ತಿನ್ನಿ” ಎನ್ನುತ್ತಿದ್ದಳು. ಆ ಕಂದಾ ಎಂಬ ಮಾತು ಕೇಳಿ ನನ್ನ ಹೊಟ್ಟೆಗೆ ಬೆಂಕಿ ಬಿದ್ದಂತಾಗುತ್ತಿತ್ತು. ಹುಳುವಾಗಿ ಹುಟ್ಟಿದ್ದರೆ ಆಗುತ್ತಿತ್ತು ಎಂದು ನಿಜವಾಗಿಯೂ ಆಸೆಪಟ್ಟೆ.

“ದೊಡ್ಡಮ್ಮಾ, ಒಂದು ಚೂರು ಮುದ್ದೆ” ಎಂದು ಬೇಡಿದರೆ ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು, “ವದ್ದಮ್ಮಾ, ಪಂಡಿತ್ರು ಬ್ಯಾಡ ಅಂದವ್ರೆ” ಎಂದು ತನ್ನ ತೆಲುಗು ಬೆರೆತ ಮಾತಿನಲ್ಲಿ ಹೇಳಿ ಎದ್ದುಬಿಡುತ್ತಿದ್ದಳು. ಒಂದು ಮಧ್ಯಾಹ್ನ ತಡೆಯಲಾರದೆ ಗೋಡೆಯ ಕಡೆ ತಿರುಗಿ, “ಅಮ್ಮಾ, ಹಸಿವು” ಎಂದೆ. ಸೊಪ್ಪಿನ ಸದ್ದು ನಿಂತಿತು. ಬರುತ್ತಾಳೆ ಎಂದು ಬಾಗಿಲನ್ನೇ ನೋಡಿದೆ. ಅವಳ ಹೆಜ್ಜೆ ಹಿತ್ತಿಲ ಕಡೆಗೆ ಹೋಯಿತು. ನಾನು ಸತ್ತರೂ ಇವಳು ಸೊಪ್ಪು ಹಾಕಿಯೇ ಬರುತ್ತಾಳೆ ಎಂದುಕೊಂಡೆ. ಅಷ್ಟು ಒಂಟಿ ನಾನು ಆಮೇಲೆ ಯಾವತ್ತೂ ಆಗಿಲ್ಲ, ಒಬ್ಬಳೇ ಬದುಕಿದ ಇಷ್ಟು ವರ್ಷಗಳಲ್ಲಿ ಕೂಡ.

ಆಗ ಮೈಯೊಳಗೆ ಏನು ನಡೆಯುತ್ತಿತ್ತೆಂದು ತಿಳಿದದ್ದು ಓದಿದ ಮೇಲೆ. ಯಕೃತ್ತಿನಲ್ಲಿ ಕೂಡಿಟ್ಟ ಸಕ್ಕರೆ ಬೇಗನೆ ಮುಗಿಯುತ್ತದೆ. ಆಮೇಲೆ ಕೊಬ್ಬು ಕರಗುತ್ತದೆ. ಅದೂ ಸಾಲದೆ ಬಂದರೆ ತೊಡೆಯ, ತೋಳಿನ ಮಾಂಸಕ್ಕೇ ಕೈ ಹಾಕುತ್ತದೆ. ಜ್ವರ ಇದ್ದರೆ ಉರಿ ಇನ್ನೂ ಜೋರು. ನೀರಿನ ಲೋಟ ಎತ್ತಲು ನನಗೆ ಎರಡು ಕೈ ಬೇಕಾಗಿದ್ದವು. ಹುಳುಗಳ ಮೇಲೆ ನಾನು ಸುಮ್ಮನೆ ಹೊಟ್ಟೆಕಿಚ್ಚುಪಟ್ಟೆ. ಅವು ಮುಂದೆ ಉಣ್ಣುವಂತೆಯೇ ಇರಲಿಲ್ಲ. ಗೂಡು ಹೆಣೆಯುವುದಕ್ಕೆ, ಒಳಗೆ ಕೂತು ರೂಪ ಬದಲಿಸುವುದಕ್ಕೆ, ಚಿಟ್ಟೆಯಾಗಿ ಮೊಟ್ಟೆಯಿಡುವುದಕ್ಕೆ, ಎಲ್ಲಕ್ಕೂ ಆ ಕೆಲವು ವಾರ ಮೇದ ಸೊಪ್ಪೇ ಗತಿ. ಚಿಟ್ಟೆಗೆ ತಿನ್ನುವ ಬಾಯೇ ಇರುವುದಿಲ್ಲ.

ಹುಳು ಹಣ್ಣಾಗಿ, ಮೇವು ಬಿಟ್ಟು, ಗೂಡು ಕಟ್ಟಲು ಬಿದಿರಿನ ತಟ್ಟಿ, ಚಂದ್ರಿಕೆ, ಏರಿದವು. ಹೆಚ್ಚುಕಡಿಮೆ ಅದೇ ಹೊತ್ತಿಗೆ ನನ್ನ ಜ್ವರವೂ ಇಳಿಯಿತು. ಪಂಡಿತರು ಗಂಜಿ ಕೊಡಬಹುದು ಎಂದರು. ಅದನ್ನು ಹಿಡಿದು ಅಮ್ಮ ಬಂದಳು. ನಾನು ಗೋಡೆಯ ಕಡೆ ಮುಖ ತಿರುಗಿಸಿದೆ. ಆದರೆ ಕೋಪಕ್ಕೂ ಬಲ ಬೇಕು, ಅದು ನನ್ನಲ್ಲಿರಲಿಲ್ಲ. ಅವಳು ಕುಡಿಸಿದಳು, ನಾನು ಕುಡಿದೆ.

ಮುಂದೆ ಓದಲು ಕೋಲಾರಕ್ಕೆ ಹೋದೆ, ಅಲ್ಲಿಂದ ಕೆಲಸಕ್ಕೆ ಮುಳಬಾಗಿಲಿಗೆ. ಹಬ್ಬಕ್ಕೆ ಊರಿಗೆ ಹೋದರೂ ನೆಂಟಳಂತೆ ಇದ್ದು ಬರುತ್ತಿದ್ದೆ. ಅಮ್ಮನಿಗೆ ನನಗಿಂತ ಹುಳು ಹೆಚ್ಚು ಎಂಬುದು ನನ್ನ ಮಟ್ಟಿಗೆ ತೀರ್ಮಾನವಾಗಿಹೋಗಿತ್ತು. ಯಾರೂ ಅದನ್ನು ಪ್ರಶ್ನಿಸಲಿಲ್ಲ, ಏಕೆಂದರೆ ನಾನು ಯಾರಿಗೂ ಹೇಳಿರಲಿಲ್ಲ.

ಆ ಪಾಠದ ನಂತರದ ರಜೆಯಲ್ಲಿ ಊರಿಗೆ ಹೋದಾಗ ಅಮ್ಮ ಸೊಪ್ಪು ಹೆಚ್ಚುತ್ತಿದ್ದಳು. ಎದುರಿಗೆ ಕೂತು ಕೇಳಿಯೇಬಿಟ್ಟೆ. “ನಂಗೆ ಜ್ವರ ಬಂದಾಗ ಒಂದು ದಿನಾನೂ ಯಾಕಮ್ಮ ನೋಡೋಕೆ ಬರ್ಲಿಲ್ಲ? ಹುಳ ಹಾಳಾಗುತ್ತೆ ಅಂತ ತಾನೆ?”

ಅವಳ ಕುಡುಗೋಲು ನಿಂತಿತು. “ಹುಳ ಹಾಳಾದ್ರೆ ಇನ್ನೊಂದು ಬೆಳೆ ಇಕ್ಕೊಂತಿದ್ದೆ” ಎಂದಳು. “ಒಂದು ತುತ್ತು ಹೋದ್ರೆ ಉಳಿಯಲ್ಲ ಅಂದಿದ್ರಲ್ಲೇ. ನೀನು ಹಸಿವು ಅಂತ ಒಂದೇ ಕಿತ ಕೂಗ್ದೆ, ಗೋಡೆಯಿಂದೀಚೆಗೇ ನನ್ ಕೈ ನಿಲ್ಲಲಿಲ್ಲ, ಹಿತ್ಲಿಗೆ ಓಡ್ದೆ. ನಿನ್ ಮುಖ ನೋಡಿದ್ರೆ ಮುದ್ದೆ ಇಕ್ಕಿಬಿಡ್ತಿದ್ದೆ ಕಣೇ.”