ಮೂರು ಸೀಸೆ ಹಗೇವಿನ ಗಾಳಿ

ಗಾಳಿಗೆ ಒಡೆಯರಿಲ್ಲ, ಅದು ಸಕಲ ಜೀವಿಗಳಿಗೂ ಸೇರಿದ್ದು ಎಂದು ಬಲ್ಲವರು ಹೇಳುತ್ತಾರೆ. ಬಲ್ಲವರು ದೊಡ್ಡಗಾಜನೂರಿಗೆ ಬಂದವರಲ್ಲ. ಎಪ್ಪತ್ತರ ದಶಕದ ಕೊನೆಯ ಒಂದು ಮೇ ತಿಂಗಳಲ್ಲಿ ಆ ಊರಿನ ಹತ್ತನೆಯ ತರಗತಿಯ ಶಿವಮ್ಮ ಮೂರು ಸೀಸೆ ಗಾಳಿಗೆ ಒಡತಿಯಾಗಿದ್ದಳು. ಅವಳ ವಿಜ್ಞಾನದ ಮೇಷ್ಟ್ರಾದ ನನಗೆ ಅದನ್ನು ಕೊಯಮತ್ತೂರಿಗೆ ಮುಟ್ಟಿಸುವ ಕೆಲಸ ಬಿದ್ದಿತ್ತು.

ಅಲ್ಲಿನ ಒಂದು ಕಾಲೇಜಿನವರು ಬೇಸಗೆ ರಜೆಯಲ್ಲಿ ಹೈಸ್ಕೂಲಿನ ಜಾಣ ಮಕ್ಕಳನ್ನು ಆರು ವಾರ ತಮ್ಮಲ್ಲೇ ಇರಿಸಿಕೊಂಡು ಸಂಶೋಧನೆ ಕಲಿಸುತ್ತಿದ್ದರು. ನಲವತ್ತು ಮಕ್ಕಳಿಗೆ ಕರೆ, ಇಪ್ಪತ್ತು ಮಕ್ಕಳಿಗೆ ಜಾಗ. ಬಂದವರು ತಮ್ಮ ಊರಿನದೇ ಒಂದು ಸಂಗತಿಯನ್ನು ಪ್ರಯೋಗ ಮಾಡಿ ತೋರಿಸಬೇಕು. ತೋರಿಸಲಾರದವರು ವಾಪಸು ಬಸ್ಸು ಹತ್ತಬೇಕು. ಶಿವಮ್ಮ ಆರಿಸಿಕೊಂಡದ್ದು ಹಗೇವಿನ ಗಾಳಿ. ರಾಗಿಯನ್ನು ನೆಲದೊಳಗಿನ ಹಗೇವಿಗೆ ತುಂಬಿ ಬಾಯಿ ಮುಚ್ಚಿದರೆ ವರ್ಷಗಟ್ಟಲೆ ಕೆಡುವುದಿಲ್ಲ. ಬಾಯಿ ತೆಗೆದ ಕೂಡಲೇ ಇಳಿದ ಮನುಷ್ಯ ಮಾತ್ರ ಉಳಿಯುವುದಿಲ್ಲ. ಆದ್ದರಿಂದ ನಮ್ಮ ಕಡೆ ಮೊದಲು ದೀಪ ಇಳಿಸುತ್ತಾರೆ. ದೀಪ ಆರಿದರೆ ಬಾಯಿ ತೆರೆದಿಟ್ಟು, ಸೊಪ್ಪಿನ ಕೊಂಬೆ ಆಡಿಸಿ, ಗಾಳಿ ಬದಲಾದ ಮೇಲೆ ಆಳು ಇಳಿಯುತ್ತಾನೆ. ದೀಪ ಯಾಕೆ ಆರುತ್ತದೆ, ಆ ಗಾಳಿ ಎಲ್ಲಿಂದ ಬರುತ್ತದೆ ಎಂಬುದು ಅವಳ ಪ್ರಶ್ನೆ. ನೀರು ತುಂಬಿದ ಅಗಲ ಬಾಯಿಯ ಸೀಸೆಗಳನ್ನು ಹಗ್ಗದಲ್ಲಿ ಇಳಿಸಿ, ಒಳಗೇ ಬಗ್ಗಿಸಿ, ನೀರು ಚೆಲ್ಲಿದ ಜಾಗಕ್ಕೆ ಗಾಳಿ ಹಿಡಿದಿದ್ದಳು. ಶಾಲೆಯ ರಬ್ಬರ್ ಬಿರಡೆ ಜಡಿದದ್ದು ನಾನು.

ಸೋಮವಾರ ಹೊರಟೆವು: ಶಿವಮ್ಮ, ಅವಳ ಅಪ್ಪ ಗುರುಮಲ್ಲಪ್ಪನವರು, ನಾನು. ಸೋಮವಾರ ಅವರ ಮನೆಯಲ್ಲಿ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಮೇಷ್ಟ್ರ ವಿಷಯದಲ್ಲಿ ಅಂಥ ಶಾಸ್ತ್ರವಿಲ್ಲದ್ದರಿಂದ ತಾಳವಾಡಿಯ ಬಸ್ ನಿಲ್ದಾಣದವರೆಗೆ ಟ್ರಂಕು ನನ್ನ ತಲೆಯ ಮೇಲೆ ಬಂತು. ಸೀಸೆಗಳ ಚೀಲ ಗುರುಮಲ್ಲಪ್ಪನವರ ಕೈಯಲ್ಲಿ. ಶಿವಮ್ಮನ ಕೈಯಲ್ಲಿ ಬುತ್ತಿ: ರಾಗಿ ರೊಟ್ಟಿ, ಹುಚ್ಚೆಳ್ಳು ಚಟ್ನಿ, ಅವಳ ಅವ್ವ ಒದ್ದೆ ಬಟ್ಟೆಯಲ್ಲಿ ಕಟ್ಟಿಕೊಟ್ಟ ಒಂದು ಸೇರು ಮೊಳಕೆ ಹುರುಳಿ. ಪಟ್ಟಣದಲ್ಲಿ ಮಗಳಿಗೆ ತಿನ್ನಲು ಏನೂ ಸಿಗುವುದಿಲ್ಲವೆಂದು ಆ ತಾಯಿಗೆ ಖಚಿತವಾಗಿ ಗೊತ್ತಿತ್ತು.

ಆರೂವರೆಯ ಬಸ್ಸು ಏಳಕ್ಕೆ ಹೊರಟಿತು. ಸತ್ಯಮಂಗಲಕ್ಕೆ ತಲೆಗೆ ಮೂರೂವರೆ ರೂಪಾಯಿ. ದಿಂಬಂನಲ್ಲಿ ಮಂಜು, ಚಳಿ. ಅಲ್ಲಿಂದ ಇಪ್ಪತ್ತೇಳು ತಿರುವು ಇಳಿದು ಬಣ್ಣಾರಿ ಮುಟ್ಟುವ ಹೊತ್ತಿಗೆ ಅಂಗಿ ಬೆನ್ನಿಗೆ ಅಂಟುವ ಸೆಕೆ. ತಿರುವುಗಳಲ್ಲಿ ಮೂವರು ವಾಂತಿ ಮಾಡಿದರು. ನಾನು ಅವರಲ್ಲಿ ಎರಡನೆಯವನು. ಬಣ್ಣಾರಿಯಿಂದ ಮುಂದೆ ಕಣ್ಣು ಮುಚ್ಚಿ ಕೂತೆ. ಶಿವಮ್ಮ ಮುಂದಿನ ಹೆಂಗಸರ ಸೀಟಿನಲ್ಲಿದ್ದಳು. ಗುರುಮಲ್ಲಪ್ಪನವರು ಹಿಂದೆ ಕಿಟಕಿಯ ಪಕ್ಕ, ಮಡಿಲಲ್ಲಿ ಚೀಲ ಇಟ್ಟುಕೊಂಡು. ಸತ್ಯಮಂಗಲದಲ್ಲಿ ಬಸ್ಸು ಬದಲಿಸಿ ಒಂದೂವರೆಗೆ ಕೊಯಮತ್ತೂರಿನಲ್ಲಿ ಇಳಿದೆವು.

ಕಾಲೇಜಿನಲ್ಲಿ ಒಂದು ಉದ್ದನೆಯ ಮೇಜು, ಅದರ ಹಿಂದೆ ಇಬ್ಬರು ಪ್ರೊಫೆಸರರು. ಶಿವಮ್ಮ ನಮ್ಮ ಗಡಿಯೂರಿನ ಶಾಲೆಯಲ್ಲಿ ಕಲಿತ ತಮಿಳಿನಲ್ಲಿ ಹಗೇವನ್ನು ವಿವರಿಸಿದಳು. ಹಿರಿಯ ಪ್ರೊಫೆಸರರು ಕನ್ನಡಕ ತೆಗೆದಿಟ್ಟು ಕೇಳಿದರು. ಆಮೇಲೆ ಅವಳು ಬಿರಡೆ ತೆಗೆದು, ತಂತಿಗೆ ಸಿಕ್ಕಿಸಿದ ಮೇಣದಬತ್ತಿಯ ತುಂಡನ್ನು ಹೊತ್ತಿಸಿ ಒಳಗಿಳಿಸಿದಳು. ಅದು ಮನೆದೇವರ ಮುಂದೆ ಉರಿಯುವಂತೆ ಉರಿಯಿತು. ಎರಡನೆಯ ಸೀಸೆಯಲ್ಲೂ ಉರಿಯಿತು. ಮೂರನೆಯದರಲ್ಲಿ ಇನ್ನೂ ಚೆನ್ನಾಗಿ ಉರಿಯಿತೆಂದು ನನಗೆ ಕಂಡಿತು. ಕಿರಿಯ ಪ್ರೊಫೆಸರರು ಅವಳ ಹೆಸರಿನ ಮೇಲೆ ಗೀಟು ಎಳೆಯಲು ಪೆನ್ನಿನ ಮುಚ್ಚಳ ತೆಗೆದರು.

ಆಗ ಬಾಗಿಲಲ್ಲಿ ನಿಂತಿದ್ದ ಗುರುಮಲ್ಲಪ್ಪನವರು ಒಳಗೆ ಬಂದರು.

“ನಾನೇ ಕಣವ್ವ ಬಸ್ಸಲ್ಲಿ ಬಾಯಿ ತಗುದ್ಬುಟ್ಟುದು. ನೀ ಮನಿಕೋಳ ರೂಮಲ್ಲೇ ಇವೂ ಇರ್ತವಲ್ಲ, ಅಗೇವು ಗಾಳಿ. ಒಂದೊಂದ್ನೂ ಕಿಟಕಿಗೆ ಬಗ್ಗಿಸಿ, ಟವಲ್ಲಲ್ಲಿ ಬೀಸಿ, ತಿರ್ಗಾ ಮುಚ್ಚಿಟ್ಟೆ.”

“ಮೂರೂವೆಯಾ ಅಪ್ಪ?”

“ಒಂದ ಉಳ್ಸಿದ್ರೆ ಸಾಲ್ದಾ ಜೀವ ತಗಿಯಕೆ?”

ಇದನ್ನು ನಾನು ತಮಿಳಿಗೆ ತಂದೆ. ಹಿರಿಯರು ಗುರುಮಲ್ಲಪ್ಪನವರನ್ನೇ ಕೂರಿಸಿ ದೀಪದ ವಿಷಯ, ಕೊಂಬೆಯ ವಿಷಯ ಕಾಲು ಗಂಟೆ ಕೇಳಿದರು. ಇವರು ತಮ್ಮ ಸಂತೆಯ ತಮಿಳಿನಲ್ಲಿ ಧಾರಾಳವಾಗಿ ಹೇಳಿದರು. ಆದರೆ ಅಪ್ಪನ ಮಾತು ಮಗಳ ಪ್ರಯೋಗವಾಗುವುದಿಲ್ಲ ಎಂದರು ಕಿರಿಯರು. ಅವರು ಹೇಳಿದ್ದು ಸರಿಯಾಗಿತ್ತು, ಅದೇ ತೊಂದರೆ.

ಶಿವಮ್ಮ ಬುತ್ತಿ ಬಿಚ್ಚಿದಳು. ಮೊಳಕೆ ಹುರುಳಿಯನ್ನು ಒಂದು ಸೀಸೆಗೆ ಅರ್ಧದವರೆಗೆ ಸುರಿದು ಬಿರಡೆ ಜಡಿದಳು. ಹಗೇವಿನಲ್ಲಿ ರಾಗಿ ಉಸಿರಾಡುತ್ತದೆ, ಆ ಗಾಳಿ ಅದರ ಉಸಿರೇ ಇರಬೇಕು. ಮೊಳಕೆ ಕಾಳು ಇನ್ನೂ ಬೇಗ ಉಸಿರಾಡೀತು. ನಾಳೆ ಬೆಳಗಿನವರೆಗೆ ಸಮಯ ಕೊಡಿ ಎಂದು ಕೇಳಿದಳು. ಇನ್ನೊಂದು ಸೀಸೆಗೆ ಏನೂ ಹಾಕದೆಯೇ ಬಿರಡೆ ಹಾಕಿದಳು. ಅದೇಕೆ ಎಂದರು ಹಿರಿಯರು. ದೀಪ ಆರಿದರೆ ಕಾಳಿನಿಂದಲೇ ಹೊರತು ಸೀಸೆಯಿಂದಲ್ಲ ಎಂದು ಗೊತ್ತಾಗಬೇಕಲ್ಲ ಎಂದಳು. ಕಿರಿಯರು ಪೆನ್ನಿಗೆ ಮುಚ್ಚಳ ಹಾಕಿದರು.

“ಅಪ್ಪ, ಇದ್ರ ತಂಟೆಗೆ ಬರ್ಬ್ಯಾಡ,” ಎಂದು ಅವಳು ಕನ್ನಡದಲ್ಲಿ ಹೇಳಿದಳು. ಹಿರಿಯರು ಎರಡು ಸೀಸೆಗಳನ್ನೂ ಬೀರುವಿನಲ್ಲಿಟ್ಟು ಬೀಗ ಹಾಕಿ, ಬೀಗದ ಕೈಯನ್ನು ಜೇಬಿಗೆ ಹಾಕಿಕೊಂಡರು. ಇಂಥ ಅಪಾಯದ ವಸ್ತುವಿಗೆ ಅದೇ ಸರಿಯೆಂದು ಗುರುಮಲ್ಲಪ್ಪನವರು ಒಪ್ಪಿದರು. ಮಗಳು ಹಾಸ್ಟೆಲಿನಲ್ಲಿ ಉಳಿದಳು. ನಾವಿಬ್ಬರು ಛತ್ರದಲ್ಲಿ ಉಳಿದು, ಹೋಟೆಲಿನಲ್ಲಿ ಎರಡು ರೂಪಾಯಿಯ ಊಟ ಮಾಡಿದೆವು. ಮೂರು ಸಲ ಅನ್ನ ಹಾಕಿಸಿಕೊಂಡ ಮೇಲೆ ಅವರು, ಇಟ್ಟಿಲ್ಲದ್ದು, ಎಂದರೆ ಮುದ್ದೆಯಿಲ್ಲದ್ದು, ಊಟವೇ ಅಲ್ಲ ಎಂದರು.

ಬೆಳಗ್ಗೆ ಹತ್ತಕ್ಕೆ ಬೀರು ತೆಗೆದರು. ಖಾಲಿ ಸೀಸೆಯಲ್ಲಿ ಬತ್ತಿ ಉರಿಯಿತು. ಹುರುಳಿಯ ಸೀಸೆಯ ಕುತ್ತಿಗೆ ದಾಟುತ್ತಲೇ ಆರಿತು. ಮತ್ತೆ ಹೊತ್ತಿಸಿ ಇಳಿಸಿದಳು, ಮತ್ತೆ ಆರಿತು. ಗುರುಮಲ್ಲಪ್ಪನವರು ಬಗ್ಗಿ ನೋಡಿ ತಲೆಯಾಡಿಸಿದರು.

“ಈಗ ಯಾರೂ ಇಳೀಬಾರ್ದು,” ಎಂದು ಹೇಳಿ, ಹೋಗಿ ಕಿಟಕಿ ತೆರೆದರು.

ಹನ್ನೊಂದೂವರೆಗೆ ಪಟ್ಟಿ ಅಂಟಿಸಿದರು. ಶಿವಮ್ಮನ ಹೆಸರು ಹತ್ತೊಂಬತ್ತನೆಯದು. ಗುರುಮಲ್ಲಪ್ಪನವರೂ ನಾನೂ ಹನ್ನೆರಡರ ಬಸ್ಸಿನಲ್ಲಿ ಹೊರಟೆವು. ದಿಂಬಂ ಏರುವಾಗಲೂ ತಿರುವುಗಳು ಇಪ್ಪತ್ತೇಳೇ ಇದ್ದವು. ಶಿವಮ್ಮ ಆರು ವಾರ ಅಲ್ಲಿದ್ದಳು.