ಹನ್ನೊಂದನೇ ಪ್ರಶ್ನೆ
ಹೆರಿಗೆ ವಾರ್ಡಿನ ದೊಡ್ಡ ಸಿಸ್ಟರ್ ಬಾಯಿ ತೆರೆದರೆ ಮೂರು ಮಹಡಿಯ ಬಸುರಿಯರೂ ಎದ್ದು ಕೂರುತ್ತಾರೆ. "ಗಂಡನ ಮುಖ ಏನಮ್ಮಾ ನೋಡ್ತೀಯ, ಹೊಟ್ಟೆ ಇರೋದು ನಿಂದು!" ಎಂದು ಗದರುತ್ತಲೇ ದಾಖಲಾತಿ ಫಾರಮ್ಮಿನ ಹತ್ತು ಪ್ರಶ್ನೆಗಳನ್ನು ಊರಿಗೆಲ್ಲ ಕೇಳುವಂತೆ ಕೇಳುತ್ತಾರೆ. ಹನ್ನೊಂದನೆಯದು, ನಶೆಯ ಅಭ್ಯಾಸ ಇದೆಯೇ ಎಂಬುದು ಬಂದಾಗ ಮಾತ್ರ ಅವರಿಗೆ ಎಲ್ಲಿಲ್ಲದ ಕೆಮ್ಮು. ಯಾರನ್ನೂ ಕೇಳದೆ ತಾವೇ 'ಇಲ್ಲ' ಎಂದು ಬರೆದುಬಿಡುತ್ತಾರೆ. ಮೊದಲು ಹೀಗಿರಲಿಲ್ಲ. "ನಿಜ ಹೇಳು ಮಗಳೇ, ಔಷಧಿ ಕೊಡಿಸ್ತೀನಿ" ಎಂದು ತಲೆ ಸವರಿದ್ದಕ್ಕೆ ಒಬ್ಬಳು ಎಲ್ಲವನ್ನೂ ಹೇಳಿಕೊಂಡಿದ್ದಳು. ಸಿಸ್ಟರ್ 'ಹೌದು' ಎಂದು ಬರೆದರು. ಬಸುರಿಯ ನಶೆಯನ್ನು ಅಪರಾಧವೆನ್ನುವ ಹೊಸ ಕಾನೂನಿನ ಪ್ರಕಾರ ಆ ಹಾಳೆ ಠಾಣೆಗೆ ಹೋಯಿತು, ಪೊಲೀಸರು ಬಂದರು, ಅವಳು ಕೈಗೆ ಬೇಡಿ ಹಾಕಿಸಿಕೊಂಡೇ ಹೆತ್ತಳು. ಕರೆದೊಯ್ಯುವಾಗ ಸಿಸ್ಟರನ್ನು ಬೈಯಲೂ ಇಲ್ಲ, "ಅಮ್ಮಾ, ಔಷಧಿ ಅಲ್ಲಿ ಕೊಡ್ತಾರಾ?" ಎಂದು ಕೇಳಿದಳು. ಈಗ ಫಾರಮ್ಮುಗಳಲ್ಲೆಲ್ಲ 'ಇಲ್ಲ'ವೇ. ಆದರೂ ಒಂದೊಂದು ಕೂಸು ಹುಟ್ಟಿದ ಮರುದಿನ ನಡುಗತೊಡಗುತ್ತದೆ, ಹಾಲು ಹಿಡಿಯದೆ ಚೀರುತ್ತದೆ. "ತಾಯಿ ಏನಾದ್ರೂ ತಗೊಳ್ತಿದ್ಲಾ ಸಿಸ್ಟರ್? ಗೊತ್ತಾದ್ರೆ ಸರಿಯಾದ ಔಷಧಿ ಕೊಡಬಹುದು" ಎನ್ನುತ್ತಾರೆ ಮಕ್ಕಳ ಡಾಕ್ಟರು. ಸಿಸ್ಟರ್ ಕೂಸನ್ನು ಎದೆಗೆ ಅವಚಿಕೊಂಡು, ಪಕ್ಕದ ಮಂಚಕ್ಕೂ ಕೇಳಿಸದ ದನಿಯಲ್ಲಿ, "ಇಲ್ಲ ಅಂತ ಬರೆದಿದೆ ಡಾಕ್ಟ್ರೇ" ಎನ್ನುತ್ತಾರೆ.