ಐದೂಕಾಲಿನ ಬಸ್ಸಿಗೆ ಬಿಟ್ಟುಬಂದ ಕ್ಲೈಮ್ಯಾಕ್ಸ್

ಕಳೆದ ಭಾನುವಾರ ಸಕಲೇಶಪುರದ ಟಾಕೀಸಿನಲ್ಲಿ ಒಂದು ವಿಚಿತ್ರ ನಡೆಯಿತು. ಪರದೆಯ ಮೇಲೆ ನಾಯಕಿ ಹೊಳೆಗೆ ಕಾಲಿಟ್ಟಳು. ಅದೇ ಹೊತ್ತಿಗೆ ಇಲ್ಲಿ ಹತ್ತು ಹನ್ನೆರಡು ಜನ ಹೆಂಗಸರು, ನಾಲ್ಕೈದು ಗಂಡಸರು ಒಟ್ಟಿಗೇ ಎದ್ದು ನಿಂತುಬಿಟ್ಟರು.

ಕರೆಂಟ್ ಹೋಗಿರಲಿಲ್ಲ. ಯಾರೂ ಕೂಗಿರಲಿಲ್ಲ. ಎದ್ದವರೆಲ್ಲ ಅರವತ್ತು ದಾಟಿದವರು. ಎಲ್ಲರೂ ಕತ್ತಲಲ್ಲಿ ಕಾಲಿನಿಂದ ಚಪ್ಪಲಿ ತಡಕುತ್ತಿದ್ದರು. ಅವರಲ್ಲಿ ನನ್ನ ಅತ್ತೆಯೂ ಒಬ್ಬರು.

ಪಿಕ್ಚರ್ ಇನ್ನೂ ಮುಗಿದಿಲ್ಲ, ಕೂತ್ಕೊಳ್ಳಿ ಆಂಟಿ ಎಂದು ಹಿಂದಿನ ಸಾಲಿನ ಕಾಲೇಜು ಹುಡುಗಿಯರು ಹೇಳಿದರು. ಇವರ ಪಾಲಿಗೆ ಪಿಕ್ಚರ್ ಮುಗಿಯುತ್ತಿದ್ದುದೇ ಅಲ್ಲಿಗೆ ಎಂದು ಆ ಮಕ್ಕಳಿಗೆ ಹೇಗೆ ಗೊತ್ತಾಗಬೇಕು?

ವಿಷಯ ಇಷ್ಟು. ಹಳೆಯ ಸಿನಿಮಾಗಳ ಗೀರು ಅಳಿಸಿ, ಸೌಂಡ್ ಸರಿಮಾಡಿ ಮತ್ತೆ ಥಿಯೇಟರಿಗೆ ಬಿಡುವ ಫ್ಯಾಷನ್ ಬಂದಿದೆಯಲ್ಲ, ಅದು ತಡವಾಗಿ ನಮ್ಮೂರಿಗೂ ಬಂತು. ಅತ್ತೆಯ ಕಾಲದ ಕಪ್ಪು ಬಿಳುಪಿನ ಕಣ್ಣೀರ ಕಥೆ. (ಹೆಸರು ಹೇಳುವುದಿಲ್ಲ. ಮುಂದೆ ಕ್ಲೈಮ್ಯಾಕ್ಸ್ ಬಿಟ್ಟುಕೊಡಲಿದ್ದೇನೆ. ನಿಮ್ಮ ಬೈಗುಳಕ್ಕೆ ನನ್ನ ಇನ್‌ಬಾಕ್ಸಿನಲ್ಲಿ ಸದ್ಯ ಜಾಗವಿಲ್ಲ.) ಪೋಸ್ಟರ್ ಕಂಡ ದಿನದಿಂದ ಅತ್ತೆಯದು ಒಂದೇ ರಾಗ, ಕರೆದುಕೊಂಡು ಹೋಗು ಅಂತ.

ಅತ್ತೆಯ ತವರು ಕೆ. ಹೊಸಕೋಟೆ ಹತ್ತಿರದ ಹಳ್ಳಿ. ಆಗ ಅಲ್ಲಿಂದ ಸಿನಿಮಾಗೆ ಬರುವುದೆಂದರೆ ಮ್ಯಾಟಿನಿಗೇ ಬರಬೇಕಿತ್ತು. ಎರಡೂವರೆಗೆ ಶುರುವಾದ ಸಿನಿಮಾ ಬಿಡುವುದು ಐದು ಇಪ್ಪತ್ತಕ್ಕೆ. ಹೊಸಕೋಟೆ ಕಡೆಯ ಕೊನೆಯ ಬಸ್ಸು ಹೊರಡುವುದು ಐದೂಕಾಲಿಗೆ. ಬಸ್ಸಿನವರೂ ಜಗ್ಗಲಿಲ್ಲ, ಟಾಕೀಸಿನವರೂ ಜಗ್ಗಲಿಲ್ಲ. ಹಾಗಾಗಿ ಆ ದಾರಿಯ ಜನ ಐದು ಹತ್ತಾಗುತ್ತಲೇ ಎದ್ದು ಬರುತ್ತಿದ್ದರು. ವಿಲನ್ ಕತ್ತಿ ಎತ್ತಿದ್ದರೂ ಸರಿ, ಜಡ್ಜ್ ತೀರ್ಪು ಓದಲು ಕನ್ನಡಕ ಹಾಕುತ್ತಿದ್ದರೂ ಸರಿ. ಮದುವೆಗೆ ಮುಂಚೆ ಅತ್ತೆ ನೋಡಿದ ಯಾವ ಸಿನಿಮಾಕ್ಕೂ ಕೊನೆಯೇ ಇಲ್ಲ.

ಕೊನೆ ಸಿಗುತ್ತಿದ್ದುದು ಬಸ್ಸಿನಲ್ಲಿ. ಕಂಡಕ್ಟರ್ ರುದ್ರಣ್ಣ ತಮ್ಮ ರಜೆಯ ದಿನ ಹೊಸ ಸಿನಿಮಾ ಪೂರ್ತಿ ನೋಡಿಕೊಂಡು ಬಿಡುತ್ತಿದ್ದರು. ಬಸ್ಸು ಹೊಳೆಯ ಸೇತುವೆ ದಾಟಿ, ಎಲ್ಲರಿಗೂ ಟಿಕೆಟ್ ಹರಿದು ಮುಗಿಸಿದ ಮೇಲೆ ಕಂಬಿಗೆ ಒರಗಿ ಉಳಿದ ಕಥೆ ಹೇಳುತ್ತಿದ್ದರು. ಅದೂ ಡೈಲಾಗ್ ಸಮೇತ. ಅಳುವ ಸೀನ್ ಬಂದರೆ ಡ್ರೈವರ್ ಬಸ್ಸು ಸ್ಲೋ ಮಾಡುತ್ತಿದ್ದರು ಎನ್ನುತ್ತಾರೆ ಅತ್ತೆ. (ಇದನ್ನು ಅರ್ಧದಷ್ಟು ನಂಬಿ.)

ಈ ಸಿನಿಮಾದ ನಾಯಕಿಯನ್ನು ಮನೆಯವರೂ ಊರವರೂ ಯಾವುದಕ್ಕೂ ಬಾರದವಳು ಎಂದು ಹೀಯಾಳಿಸುತ್ತಾರೆ. ಬೇಸತ್ತು ಅವಳು ತುಂಬಿದ ಹೊಳೆಗೆ ಇಳಿಯುತ್ತಾಳೆ. ಸರಿಯಾಗಿ ಐದು ಹತ್ತು. ಇಲ್ಲಿಂದ ಮುಂದಿನದು ರುದ್ರಣ್ಣನ ಪಾಲು. ಅವಳು ಈಜಿ ಆಚೆ ದಡ ಹತ್ತುತ್ತಾಳೆ, ಸೆರಗು ಹಿಂಡಿಕೊಂಡು ನಡೆಯುತ್ತಾಳೆ, ಬೇರೊಂದು ಊರಿನಲ್ಲಿ ಮಕ್ಕಳಿಗೆ ಅಕ್ಷರ ಕಲಿಸುವ ಟೀಚರಾಗುತ್ತಾಳೆ.

ಆಗ ಅತ್ತೆಗೆ ಹದಿನೆಂಟು. ಎಸ್‌ಎಸ್‌ಎಲ್‌ಸಿ ಗಣಿತದಲ್ಲಿ ಎರಡು ಸಲ ಡುಮ್ಕಿ. ಓದಿದ್ದು ಸಾಕು ಎಂದು ಮನೆಯಲ್ಲಿ ಪುಸ್ತಕಗಳನ್ನು ಗಂಟು ಕಟ್ಟಿ ಅಟ್ಟಕ್ಕೆ ಹಾಕಿದ್ದರು. ಆ ಸಿನಿಮಾ ನೋಡಿ ಬಂದ ಮಾರನೇ ದಿನ ಅತ್ತೆ ಅಟ್ಟ ಹತ್ತಿ ಗಂಟು ಇಳಿಸಿದರು. ಮೂರನೇ ಸಲಕ್ಕೆ ಪಾಸಾದರು. ಅಂಗನವಾಡಿ ಟೀಚರಾಗಿ, ಸುತ್ತಲಿನ ಎರಡು ತಲೆಮಾರಿನ ಮಕ್ಕಳ ಮೂಗು ಒರೆಸಿ, ರಿಟೈರ್ ಆದರು. ಪರೀಕ್ಷೆಯಲ್ಲಿ ಫೇಲಾದ ಯಾರೇ ಸಿಗಲಿ, ಇವತ್ತಿಗೂ ಕೂರಿಸಿಕೊಂಡು ಈ ನಾಯಕಿ ದಡ ಹತ್ತಿದ ಕಥೆ ಹೇಳುತ್ತಾರೆ.

ಟಿವಿಯಲ್ಲಿ ಬಂದಿಲ್ಲವೇ ಎಂದು ಕೇಳುತ್ತೀರಿ. ಎಷ್ಟೋ ಸಲ ಬಂದಿದೆ. ಆದರೆ ಹೊಳೆ ಕಂಡ ತಕ್ಷಣ ಅತ್ತೆ ಎದ್ದು ಹೋಗಿ ಹಾಲು ಕಾಯಲು ಇಡುತ್ತಾರೆ. ಮುಂದಿನದು ಗೊತ್ತಲ್ಲ ಎನ್ನುತ್ತಾರೆ. ಆ ಸೀನಿಗೆ ಏಳುವುದು ಕಾಲಿಗೇ ಅಭ್ಯಾಸವಾಗಿಬಿಟ್ಟಿದೆ.

“ಅವಳು ದಡ ಹತ್ತೋದನ್ನ ಒಂದ್ಸಲ ಕಣ್ತುಂಬ ನೋಡ್ಬೇಕು ಕಣವ್ವ,” ಎಂದರು ಅತ್ತೆ. “ಟಿವಿಲೆಲ್ಲ ಅಲ್ಲ. ಅಷ್ಟು ದೊಡ್ಡ ಪರದೆ ಮೇಲೆ.”

ಇಲ್ಲಿಂದ ನನ್ನ ಅಧಿಕಪ್ರಸಂಗ ಶುರು. ಶನಿವಾರ ಮಧ್ಯಾಹ್ನ ತರಕಾರಿ ಹೆಚ್ಚುತ್ತಾ, ಫೋನಿನಲ್ಲಿ ಆ ಸಿನಿಮಾ ಹುಡುಕಿ ಸೀದಾ ಕೊನೆಗೆ ಓಡಿಸಿದೆ. ನಾಯಕಿ ಮುಳುಗಿದಳು. ದಡವೂ ಇಲ್ಲ, ಟೀಚರೂ ಇಲ್ಲ. ನೀರಿನ ಮೇಲೆ ಅವಳ ಮುಡಿಯ ಹೂವು ತೇಲಿತು, ಅದರ ಮೇಲೇ ‘ಶುಭಂ’ ಎಂದು ಬಂತು. ಒಬ್ಬ ಹೆಣ್ಣುಮಗಳನ್ನು ಮುಳುಗಿಸಿ ಶುಭಂ ಎನ್ನಲು ಅವರಿಗೆ ಮನಸ್ಸಾದರೂ ಹೇಗೆ ಬಂತೋ!

ಹೀರೆಕಾಯಿ ಅಲ್ಲೇ ಉಳಿಯಿತು. ಈಗ ಏನು ಮಾಡುವುದು? ಹೇಳಿಬಿಡುವುದೇ? ಯಾವ ಸೀನ್ ನಂಬಿ ಈ ಹೆಂಗಸು ಅಟ್ಟ ಹತ್ತಿದರೋ ಆ ಸೀನ್ ಸಿನಿಮಾದಲ್ಲೇ ಇಲ್ಲ ಎಂದು ಯಾವ ಬಾಯಲ್ಲಿ ಹೇಳುವುದು? ಹೇಳದೆ ಕರೆದುಕೊಂಡು ಹೋದರೆ ಅದು ಇನ್ನೂ ದೊಡ್ಡ ಅನ್ಯಾಯವಲ್ಲವೇ? ಗಂಡನನ್ನು ಕೇಳಿದೆ. ಅದು ನಿಮ್ಮಿಬ್ಬರ ಪಿಕ್ಚರ್ ಎಂದು ಪೇಪರಿನ ಹಿಂದೆ ಅಡಗಿದರು.

ಭಾನುವಾರ ಬೆಳಿಗ್ಗೆ ಸಣ್ಣಪುಟ್ಟ ಅಡ್ಡಗಾಲು ಹಾಕಿ ನೋಡಿದೆ. ರಶ್ ಇರುತ್ತೆ ಎಂದೆ. ಸೀಟು ಸರಿಯಿಲ್ಲವಂತೆ, ಸೊಂಟ ಹಿಡಿಯುತ್ತೆ ಎಂದೆ. ಅತ್ತೆ ಅಷ್ಟರಲ್ಲಿ ನೀಲಿ ಸೀರೆ ಉಟ್ಟು, ಬ್ಯಾಗಿಗೆ ಚಕ್ಕುಲಿ ತುಂಬಿಕೊಂಡು ಬಾಗಿಲಲ್ಲಿ ನಿಂತಾಗಿತ್ತು.

ಒಳಗೆ ಹೋಗಿ ಕೂತ ಮೇಲೆ ಒಂದು ಸತ್ಯ ಒಪ್ಪಿಕೊಳ್ಳಬೇಕಾಯಿತು. ಫೋನಿನಲ್ಲಿ ನಾನು ನೋಡಿದ್ದು ಸಿನಿಮಾವೇ ಅಲ್ಲ. ಅಲ್ಲಿ ಆ ನಾಯಕಿ ಎರಡಂಗುಲ ನೀರಿನಲ್ಲಿ ಮುಳುಗಿದ್ದಳು. ಇಲ್ಲಿ ಅವಳ ಕಣ್ಣುಗಳೇ ನನಗಿಂತ ದೊಡ್ಡವು. ಅವಳು ರೆಪ್ಪೆ ಬಡಿದರೆ ಇಡೀ ಟಾಕೀಸಿಗೆ ಗೊತ್ತಾಗುತ್ತದೆ. ಹೀರೋ ಎತ್ತಿನಗಾಡಿಯಿಂದ ಜಿಗಿದಾಗ ಮುಂದಿನ ಸಾಲಿನ ಅಜ್ಜನೊಬ್ಬರು ಎರಡು ಬೆರಳು ಬಾಯಿಗಿಟ್ಟು ಸಿಳ್ಳೆ ಹೊಡೆದರು. ಹೊಡೆದು ಕೆಮ್ಮಿದರು. ಕೆಮ್ಮಿ ಮತ್ತೆ ಹೊಡೆದರು. ಡೈಲಾಗ್ ಪರದೆಯಿಂದ ಬರುವ ಮೊದಲೇ ಜನರ ಬಾಯಿಂದ ಬರುತ್ತಿತ್ತು. ಮನೆಯಲ್ಲಾದರೆ ಕುಕ್ಕರ್ ಕೂಗಿದಾಗೆಲ್ಲ ಕಥೆಯನ್ನು ನಿಲ್ಲಿಸುತ್ತೇವೆ. ಇಲ್ಲಿ ಕಥೆ ಯಾರಿಗೂ ಕಾಯುವುದಿಲ್ಲ. ಬಹುಶಃ ಅದಕ್ಕೇ ನಾವು ಅದಕ್ಕೆ ಮರ್ಯಾದೆ ಕೊಟ್ಟು ಕೂರುತ್ತೇವೆ.

ಪಕ್ಕದ ಸೀಟಿನಲ್ಲಿ ದಾಕ್ಷಾಯಿಣಿ ಎಂಬ ಹೆಂಗಸು. ಇಂಟರ್ವೆಲ್‌ನಲ್ಲಿ ಅತ್ತೆ ಚಕ್ಕುಲಿ ಕೊಟ್ಟು ಮಾತಿಗೆಳೆದರೆ, ಅವರೂ ಅದೇ ಹೊಸಕೋಟೆ ದಾರಿಯವರು! ಅದೇ ಬಸ್ಸು, ಅದೇ ರುದ್ರಣ್ಣ, ಅದೇ ದಡ ಹತ್ತುವ ಕಥೆ. ಲೈಟ್ ಆರುವ ಹೊತ್ತಿಗೆ ಇಬ್ಬರೂ ಕೈ ಹಿಡಿದು ಕೂತಿದ್ದರು.

ಆಮೇಲೆ ಹೊಳೆ ಬಂತು. ಈ ಗೋಡೆಯಿಂದ ಆ ಗೋಡೆಯವರೆಗೆ ನೀರು. ನಾಯಕಿ ಕಾಲಿಟ್ಟಳು. ನಮ್ಮವರು ಎದ್ದರು.

ಎದ್ದವರು ಒಬ್ಬರನ್ನೊಬ್ಬರು ನೋಡಿಕೊಂಡರು. ಮೊದಲು ಯಾರೋ ಕಿಸಕ್ಕೆಂದರು, ಆಮೇಲೆ ಎಲ್ಲರೂ ನಕ್ಕರು. ಯಾವ ಊರು, ಯಾವ ಬಸ್ಸು ಎಂದು ಕೇಳುವ ಅಗತ್ಯವೇ ಇರಲಿಲ್ಲ. ಒಬ್ಬೊಬ್ಬರಾಗಿ ಕೂತರು. ದಾಕ್ಷಾಯಿಣಿ ಮಾತ್ರ ಕೂರಲಿಲ್ಲ. ಅವರ ಬಸ್ಸು ಇವತ್ತಿಗೂ ಐದೂಕಾಲಿಗೇ. ನೋಡ್ಕೊಂಡು ಬನ್ನಿ ಅಕ್ಕ ಎಂದು ಚೀಲ ಎತ್ತಿಕೊಂಡು ಹೊರಟೇಹೋದರು.

ಅವರಿಗೆ ದಾರಿ ಬಿಡಲು ಅತ್ತೆ ಮತ್ತೆ ಎದ್ದಿದ್ದರು. ಇದೇ ಸಮಯ ಅನ್ನಿಸಿತು. ರಶ್ ಆಗುವ ಮೊದಲು ನಾವೂ ಹೋಗೋಣ ಅತ್ತೆ ಎನ್ನುತ್ತಾ ಎದ್ದೆ. ನನ್ನ ದನಿ ನನಗೇ ಕಳ್ಳದನಿಯಂತೆ ಕೇಳಿಸಿತು.

“ಕಾರೈತಲ್ಲ. ಕೂತ್ಕೋ,” ಎಂದು ನನ್ನ ಕೈ ಜಗ್ಗಿ ಕೂರಿಸಿದರು.

ನಾನು ಪರದೆ ನೋಡಲಿಲ್ಲ. ಅತ್ತೆಯ ಮುಖ ನೋಡುತ್ತಿದ್ದೆ. ಅವರು ಸೀಟಿನ ಅಂಚಿಗೆ ಬಂದಿದ್ದರು. ನೀರಿನಿಂದ ಈಗ ಅವಳ ತಲೆ ಮೇಲೆ ಬರುತ್ತದೆ, ಈಗ ಬರುತ್ತದೆ ಎಂದು ಕಾಯುತ್ತಿದ್ದರು. ಹೂವು ಬಂತು. ಶುಭಂ ಬಂತು. ಲೈಟ್ ಬಂತು.

ಜನ ಖಾಲಿಯಾದರೂ ಅತ್ತೆ ಏಳಲಿಲ್ಲ. ಕೊನೆ ಮೊದಲೇ ಗೊತ್ತಿದ್ದ ನಾನು ಮೂಗು ಸೀಟುತ್ತಾ ಕೂತಿದ್ದೆ. ನನಗೆ ಗೊತ್ತಿತ್ತು ಅತ್ತೆ, ಹೇಳಬೇಕಿತ್ತು ಎಂದೆ. ಅವರು ಅದನ್ನು ಕಿವಿಗೇ ಹಾಕಿಕೊಳ್ಳಲಿಲ್ಲ.

“ರುದ್ರಣ್ಣ ಸುಳ್ಳು ಹೇಳ್ಬುಟ್ಟಿದ್ದ ಕಣವ್ವ,” ಎಂದರು. ಬ್ಯಾಗಿನ ಬಾಯಿ ಮುಚ್ಚುತ್ತಾ ಮತ್ತೆ ಅವರೇ ಹೇಳಿದರು: “ನಾನು ಎರಡನೇ ಸಲ ಫೇಲಾಗಿದ್ದ ವಾರ ಅದು. ಬಸ್ಸಲ್ಲಿ ಎಲ್ರಿಗೂ ಗೊತ್ತಿತ್ತು.”

ಅತ್ತೆ ಕಣ್ಣೊರೆಸಿಕೊಂಡರು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕರು. ಅಷ್ಟು ಡೈಲಾಗನ್ನು ನಿಂತ ನಿಲುವಲ್ಲೇ ಕಟ್ಟಿದ್ದನಲ್ಲ ಮಹಾರಾಯ ಎಂದು ನಕ್ಕರು. ಖಾಲಿ ಟಾಕೀಸಿನಲ್ಲಿ ಆ ನಗು ಎಷ್ಟು ದೊಡ್ಡದಾಗಿ ಕೇಳಿಸಿತೆಂದರೆ, ಕಸ ಗುಡಿಸಲು ಬಂದವರೂ ಕಾರಣ ಗೊತ್ತಿಲ್ಲದೆ ನಕ್ಕರು.

ಕಾರು ನಿಲ್ಲಿಸಿದ್ದು ಬಸ್ ಸ್ಟ್ಯಾಂಡ್ ಪಕ್ಕದಲ್ಲಿ. ಹೋಗಿ ನೋಡಿದರೆ, ಹೊಸಕೋಟೆ ಬಸ್ಸು ಅವತ್ತು ಲೇಟು. ಇನ್ನೂ ಅಲ್ಲೇ ನಿಂತು ಗುರುಗುಡುತ್ತಿದೆ. ಕಿಟಕಿಯಲ್ಲಿ ದಾಕ್ಷಾಯಿಣಿ. ನಮ್ಮನ್ನು ಕಂಡವರೇ ತಲೆ ಹೊರಗೆ ಹಾಕಿದರು.

“ಅಕ್ಕ, ಅವತ್ತು ರುದ್ರಣ್ಣ ಹೇಳಿದ್ರಲ್ಲ. ಹಂಗೇನಾ?”

ಅಕ್ಕಪಕ್ಕದ ಕಿಟಕಿಗಳಲ್ಲೂ ಮುಖಗಳು ಕಾಣಿಸಿಕೊಂಡವು. ಅತ್ತೆ ಸೆರಗು ಸರಿಮಾಡಿಕೊಂಡರು. ಹತ್ತಿರ ಹೋಗಿ ಕಿಟಕಿಯ ಸರಳು ಹಿಡಿದು ನಿಂತರು.

“ಹಂಗೇ ಕಣೆ. ದಡ ಹತ್ತಿದ್ಲು. ಸೆರಗು ಹಿಂಡ್ಕೊಂಡು ನಡ್ಕೊಂಡೇ ಹೋಗ್ಬುಟ್ಲು.”

ದಾಕ್ಷಾಯಿಣಿ ನನ್ನ ಕಡೆ ತಿರುಗಿ, ಹೌದಾ ಎನ್ನುವಂತೆ ನೋಡಿದರು.

ಸಿನಿಮಾ ತೆಗೆದವರು ಕ್ಷಮಿಸಬೇಕು, ನಾನೂ ಹೌದೆಂದೆ.